ಚಕ್ರ ಕಳಚದ ಹೌಸಿಂಗ್

ಜನವರಿ 6, 2025

ಊರು: ಮೊಸಳೆ, ಹಾಸನದ ಹತ್ತಿರ. ನವೆಂಬರ್ ಕೊನೆಯಲ್ಲಿ ನಮ್ಮ ಯಜಮಾನರ ಪಿಕಪ್ ಗಾಡಿಯ ಹಿಂದಿನ ಎಡ ಚಕ್ರ ಎಕ್ಸೆಲ್ ಸಮೇತ ಕಿತ್ತುಕೊಂಡು ಹೋಯಿತು. ಅರಕಲಗೂಡಿನಿಂದ ಶುಂಠಿ ತುಂಬಿಕೊಂಡು ಹಾಸನಕ್ಕೆ ಬರುತ್ತಿದ್ದರು. ಗಾಡಿ ಮಗುಚಿತು. ಇವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಗಾಡಿ ಹಾಸನದಲ್ಲಿ ಮೆಕ್ಯಾನಿಕ್ ನಾಗೇಶನ ಶೆಡ್ಡಿನ ಹಿಂದೆ ಇದೆ. ಅದರ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದಾರೆ.

ಮೊನ್ನೆ ಬೆಳಕು ಹರಿಯುವ ಹೊತ್ತಿಗೆ ಇವರು ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಾವಿಯ ಕಡೆಗಿತ್ತು. ಊರುಗೋಲು ಎರಡೂ ಹಿಂದೆ ಬಿದ್ದಿದ್ದವು. ನಾನು ಕೂಗಲಿಲ್ಲ. ಹೋಗಿ ಬನಿಯನ್ ಹಿಡಿದುಕೊಂಡೆ. ನನ್ನ ಹೆಗಲು ಹಿಡಿದು ಒಳಗೆ ಬಂದರು. ಅಂದಿನಿಂದ ಹಿತ್ತಿಲ ಬಾಗಿಲಿಗೆ ಬೀಗ. ಬೀದಿಯಿಂದ ಬಾವಿಗೆ ಹೋಗುವ ಓಣಿ ಮೆಟ್ಟಿಲಿನದು, ಊರುಗೋಲಿಗೆ ಆಗದು. ಕೀಲಿ ನನ್ನ ಸೆರಗಿನ ತುದಿಯಲ್ಲಿದೆ. ಬಾವಿಗೆ ಜಾಲರಿ ಹಾಕಿಸಬಹುದು, ಆದರೆ ಅಲ್ಲಿ ನೀರು ಸೇದುವ ನಾಲ್ಕು ಮನೆಯವರಿಗೆ ಕಾರಣ ಹೇಳಬೇಕಾಗುತ್ತದೆ. ಬೆಕ್ಕು ಒಳಗೆ ಬರುತ್ತಿದೆ, ಅದಕ್ಕೆ ಬೀಗ ಎಂದು ಅತ್ತೆಗೆ ಹೇಳಿದೆ. ಅವರು ನಂಬಿದವರಂತೆ ತಲೆಯಾಡಿಸಿದರು.

ಬರೆಯದಿದ್ದರೆ ಯಾರಿಗಾದರೂ ಹೇಳಿಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಜನವರಿ 9

ಇವರು: ಬೆಳಿಗ್ಗೆ ಒಂದು ರೊಟ್ಟಿ. ಮಧ್ಯಾಹ್ನ ಏನೂ ಇಲ್ಲ. ಗೋಡೆಯ ಕಡೆ ಮುಖ.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಇವರು ಕೇಳುತ್ತಿದ್ದದ್ದು ಒಂದೇ ಮಾತು: "ಗಾಡಿ ಎಲ್ಲಿ ನಿಂತದೆ?" ಮನೆಗೆ ಬಂದ ಮೇಲೆ ಅದನ್ನೂ ಕೇಳುವುದಿಲ್ಲ. ನನಗೆ ಅನ್ನಿಸುವುದು ಇಷ್ಟು. ಗಾಡಿ ನಾಲ್ಕು ಚಕ್ರದ ಮೇಲೆ ಮನೆ ಮುಂದೆ ಬಂದು ನಿಂತರೆ ಇವರು ಏಳುತ್ತಾರೆ. ಕೃತಕ ಕಾಲು ಹಾಕಿಸಿಕೊಂಡು ಓಡಿಸುವವರಿದ್ದಾರೆ ಎಂದು ನಾಗೇಶ ಹೇಳಿದ. ಬೇರೆ ಯಾವ ಉಪಾಯವೂ ನನ್ನಲ್ಲಿಲ್ಲ.

ಶೆಡ್ಡಿಗೆ ಹೋಗಿದ್ದೆ. ನಾಗೇಶ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದ. ಹೌಸಿಂಗ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಇರುವ ದಪ್ಪ ಕಬ್ಬಿಣದ ಕೊಳವೆ. ಅದರ ಹೊಟ್ಟೆಯಲ್ಲಿ ಕ್ರೌನ್ ಎಂಬ ಹಲ್ಲಿನ ಚಕ್ರ. ಅಲ್ಲಿಂದ ಎರಡೂ ಕಡೆಯ ಚಕ್ರಕ್ಕೆ ಎಕ್ಸೆಲ್ ಎಂಬ ಸರಳು.

"ಇದನ್ನೇ ರಿಪೇರಿ ಮಾಡ್ಬೋದು ಅಕ್ಕ. ಆದ್ರೆ ಶುಂಠಿ ಲೋಡಿಗೆ ಮತ್ತೆ ಇಂಗೇ ಆಯ್ತದೆ. ಈ ಗಾಡೀಲಿ ಭಾರ ಹೊರೋದೂ ಎಕ್ಸೆಲ್ಲೇ, ತಿರುಗೋದೂ ಎಕ್ಸೆಲ್ಲೇ. ತುಂಡಾದ್ರೆ ಚಕ್ರನೂ ಅದರ ಜೊತೆಗೇ ಎದ್ದೋಯ್ತದೆ. ಮಿನಿ ಲಾರಿದು ಅಂಗಲ್ಲ. ಭಾರ ಎಲ್ಲಾ ಹೌಸಿಂಗ್ ಮ್ಯಾಲೆ. ಎಕ್ಸೆಲ್ ಸುಮ್ನೆ ತಿರುಗ್ತದೆ ಅಷ್ಟೇ. ತುಂಡಾದ್ರೂ ಗಾಡಿ ನಿಲ್ತದೆ, ಚಕ್ರ ಬಿಡಾಕಿಲ್ಲ."

"ಎಲ್ಲಿ ಸಿಗುತ್ತೆ?"

"ಗುಜರೀಲಿ. ಆದ್ರೆ ಅಳತೆ ಕೂಡಿ ಬರಬೇಕು. ಯಾರಾದ್ರೂ ಗಂಡಸರನ್ನ ಕಳಿಸಿ ಅಕ್ಕ, ನಾ ಶೆಡ್ಡು ಬಿಟ್ಟು ಬರಾಕಾಗಲ್ಲ."

ಕಳಿಸಲು ಯಾರಿದ್ದಾರೆ? ರವಿಕೆ ಹೊಲಿಯುವ ಟೇಪು ಚೀಲದಲ್ಲೇ ಇತ್ತು. ಅವನು ಹೇಳಿದ ಅಳತೆಗಳನ್ನು ಗಿರಾಕಿಗಳ ಅಳತೆಯ ಕೆಳಗೆ ಬರೆದುಕೊಂಡೆ.

ಜನವರಿ 13

ಇವರು: ಅರ್ಧ ಮುದ್ದೆ. ಮಾತಿಲ್ಲ.

ಹಾಸನದ ಗುಜರಿಗಳನ್ನು ಸುತ್ತಿದೆ. ಮೊದಲನೆಯ ಅಂಗಡಿಯವನು ನನ್ನ ಟೇಪು ನೋಡಿ ಕೆಲಸದವರಿಗೆಲ್ಲ ಕೇಳುವಂತೆ, "ಹೌಸಿಂಗ್‌ಗೆ ರವಿಕೆ ಹೊಲೀತೀರಾ ಅಕ್ಕಾ? ತೋಳು ಉದ್ದ ಇಡ್ತೀರಾ, ಗಿಡ್ಡಾನಾ?" ಎಂದ.

"ಗಿಡ್ಡ," ಎಂದೆ.

ಅವನು ನಗು ನಿಲ್ಲಿಸಿ ಟೇಪಿನ ಆ ತುದಿ ಹಿಡಿದುಕೊಂಡ. ಒಂದು ಗೇಣು ಕಡಿಮೆ ಬಂತು. ಇನ್ನೊಂದು ಕಡೆ ಅಳತೆ ಕೂಡಿತು, ಆದರೆ ಹೌಸಿಂಗ್ ಬಾಗಿತ್ತು. ಉದ್ದಕ್ಕೂ ದಾರ ಎಳೆದು ಹಿಡಿದರೆ ಕಾಣುತ್ತದೆ ಎಂದು ನಾಗೇಶ ಹೇಳಿಕೊಟ್ಟಿದ್ದ. ದಾರಕ್ಕೂ ಕಬ್ಬಿಣಕ್ಕೂ ನಡುವೆ ಹೆಬ್ಬೆರಳು ತೂರುತ್ತಿತ್ತು.

ಜನವರಿ 14

ಸಂಕ್ರಾಂತಿ. ಎಳ್ಳು ಬೀರಲು ಹೋಗಲಿಲ್ಲ. ಬಂದವರಿಗೆ ಇವರು ನಿದ್ದೆ ಮಾಡುತ್ತಿದ್ದಾರೆ ಎಂದೆ. ನಿದ್ದೆ ಮಾಡುತ್ತಿರಲಿಲ್ಲ.

ಜನವರಿ 17

ಇವರು: ಕಾಫಿ ಮಾತ್ರ. ಅತ್ತೆ ತಲೆಗೆ ಎಣ್ಣೆ ಹಚ್ಚಿದರು. ಬೇಡವೆನ್ನಲಿಲ್ಲ. ಬೇಕೆನ್ನಲೂ ಇಲ್ಲ.

ಚನ್ನರಾಯಪಟ್ಟಣ. ಊರಾಚೆಯ ಗುಜರಿಯ ಒಡತಿ ರೇವಮ್ಮ, ಬಸ್ಸಿನಿಂದ ಕಿತ್ತ ಸೀಟಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮನೇಲಿ ಗಂಡಸ್ರು ಇಲ್ವೇನವ್ವಾ?"

"ಇದ್ದಾರೆ. ಮಲಗಿದ್ದಾರೆ."

"ಕುಡೀತಾನಾ?"

"ಇಲ್ಲ. ಕಾಲು ಹೋಗಿದೆ."

ರೇವಮ್ಮ ಸೀಟಿನಲ್ಲಿ ಆ ಕಡೆ ಸರಿದು ಮೊರವನ್ನು ನಡುವೆ ಎಳೆದರು. "ಕೂತ್ಕ. ಒಂದ್ ಗಳಿಗೆ ಸುಲಿ. ಆಮ್ಯಾಕೆ ನೋಡೀವಂತೆ."

ಅವರು ತೋರಿಸಿದ ಹೌಸಿಂಗ್‌ನ ಅಳತೆ ಎಲ್ಲವೂ ಕೂಡಿತು. ದಾರಕ್ಕೂ ನೇರವಾಗಿತ್ತು. ನನ್ನ ಮುಖದಲ್ಲಿ ಏನು ಕಂಡಿತೋ, ಅವರೇ ತಡೆದರು. "ತಡಿ, ಖುಸಿ ಪಡಬ್ಯಾಡ. ಒಳಗೆ ಹಲ್ಲಿಲ್ಲ, ನಮ್ಮತ್ತೆ ಇದ್ದಂಗೆ. ಸುಳ್ಳೇಳಿ ಮಾರಾಕಿಲ್ಲ ನಾನು." ಕ್ರೌನಿನ ಹಲ್ಲುಗಳು ಸವೆದು ಹೋಗಿದ್ದವು. ಆ ಕ್ರೌನ್ ಬಿಡಿಯಾಗಿ ಈಗ ಎಲ್ಲೂ ಬರುವುದಿಲ್ಲವಂತೆ.

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಲಾರಿಗಳ ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದೆ. ಭಾರ ಹೌಸಿಂಗ್ ಹೊರುವ ಗಾಡಿಗಳ ಚಕ್ರದ ನಡುವೆ ಬೋಲ್ಟುಗಳ ಸುತ್ತು ಉಬ್ಬಿಕೊಂಡಿರುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ.

ಜನವರಿ 22

ಇವರು: ಏನೂ ಇಲ್ಲ.

ಅರಕಲಗೂಡು. ಹೊರಡುವಾಗ ಅತ್ತೆ ಬಾಗಿಲಿಗೆ ಬಂದು, "ಆಳು ತಿಂದ ಗಾಡೀದು ತರಬ್ಯಾಡ ಕಣೆ ರಂಜನಿ," ಎಂದರು. ಗುಜರಿಯ ಸಣ್ಣಯ್ಯನನ್ನು ಅದನ್ನೇ ಕೇಳಿದೆ. ಆತ ನಕ್ಕ. "ಇಲ್ಲಿಗ್ ಬರೋ ಗಾಡಿ ಎಲ್ಲಾ ಯಾರನ್ನೋ ಅಳಿಸಿ ಬಂದಿದ್ದೇ ಕಣವ್ವಾ. ಆಡಿಸಿ ಕುಣಿಸಿ ಬಂದಿದ್ದು ಒಂದೂ ಇಲ್ಲ." ಆಮೇಲೆ ಮೆತ್ತಗೆ ಹೇಳಿದ: "ಇದು ಆಳು ತಿಂದಿಲ್ಲ. ಕೆರೆಗೆ ಬಿದ್ದಿದ್ದು. ಡ್ರೈವರ್ರು ಈಜ್ಕಂಡು ಬಂದ."

ಹೌಸಿಂಗ್ ಮಣ್ಣಿನಲ್ಲಿ ಓರೆಯಾಗಿ ಬಿದ್ದಿತ್ತು, ಒಂದು ತುದಿ ಅರ್ಧ ಹೂತಿತ್ತು. ಅಳತೆ ಸರಿ. ಹಲ್ಲು ಸರಿ. ನಾಗೇಶ ಹೇಳಿಕೊಟ್ಟ ಕೊನೆಯ ಪರೀಕ್ಷೆ ಸುತ್ತಿನದು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಹೌಸಿಂಗ್‌ನ ಮುಂದೆ ಇಂಜಿನ್ನಿನ ಶಾಫ್ಟು ಸೇರುವ ಮೂತಿ ನಾಲ್ಕು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ಕಡಿಮೆಯಾದರೆ ಗಾಡಿ ಏರು ಎಳೆಯುವುದಿಲ್ಲ. ಮೂತಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿ, ಮೇಲಿದ್ದ ಚಕ್ರದ ತುದಿಯನ್ನು ತಿರುಗಿಸಿದೆ. ಎರಡು ಸುತ್ತು, ಇನ್ನೊಂದು ಚೂರು. ಮತ್ತೆ ತಿರುಗಿಸಿದೆ. ಅಷ್ಟೇ.

ಸಣ್ಣಯ್ಯ, "ಅಂಗಲ್ಲ ಕಣವ್ವಾ, ಅದು..." ಎಂದ.

"ಎರಡು ಸಲ ಎಣಿಸಿದ್ದೀನಿ," ಎಂದು ಚೀಲ ಎತ್ತಿಕೊಂಡು ಬಂದೆ.

ಜನವರಿ 24

ನಾಗೇಶನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ಆ ಕಡೆ ಚಕ್ರ ಯಾರು ತಿರುಗಿಸ್ತಿದ್ರು?"

"ಯಾರೂ ಇಲ್ಲ. ಅದು ಮಣ್ಣಲ್ಲಿ ಹೂತಿತ್ತು."

"ಅಯ್ಯೋ ಅಕ್ಕಾ. ಎರಡೂ ಕಡೆ ಒಟ್ಟಿಗೇ ತಿರುಗಬೇಕು. ಒಂದು ಕಡೆ ಸಿಕ್ಕಾಕ್ಕೊಂಡಿದ್ರೆ ಅರ್ಧಾನೇ ತೋರ್ಸೋದು. ಅದೇ ನಮಗೆ ಬೇಕಾಗಿದ್ದ ಮಾಲು."

ಅಲ್ಲಿಂದಲೇ ಸಣ್ಣಯ್ಯನಿಗೆ ಫೋನ್ ಮಾಡಿದೆ. "ನಿನ್ನೆ ಸಂಜೆನೇ ಓಯ್ತಲ್ಲವ್ವಾ. ಹೊಳೆನರಸೀಪುರದ ಟ್ರೇಲರ್ ಕೆಂಪಣ್ಣ ಬಂದು ಎತ್ಕಂಡೋದ. ನಾ ಏಳಾಕೆ ಬಂದೆ. ನೀವು ಎಣಿಸಿದ್ದೀನಿ ಅಂದ್ರಿ."

ಎಣಿಸಿದ್ದೆ. ಎಣಿಕೆಯಲ್ಲಿ ತಪ್ಪಿರಲಿಲ್ಲ.

ಮನೆಗೆ ಬಂದಾಗ ಹಿತ್ತಿಲ ಬಾಗಿಲ ಬೀಗದ ಸುತ್ತ ಮರದಲ್ಲಿ ಹೊಸ ಗೀರುಗಳಿದ್ದವು. ಚಿಲಕದ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಗಾಡಿಯ ಟೂಲ್ ಚೀಲ ಇವರ ಮಂಚದ ಕೆಳಗಿತ್ತು. ನಾನೇ ಅಲ್ಲಿಟ್ಟಿದ್ದೆ. ಅತ್ತೆಗೆ ಕಿವಿ ಮಂದ, ಏನೂ ಕೇಳಿಸಿಲ್ಲ. ಸ್ಕ್ರೂ ತಿರುಗಿಸಿ ಕೂರಿಸಿದೆ. ಚೀಲವನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಇವರು ನನ್ನನ್ನು ನೋಡಿದರು. ನಾನೂ ನೋಡಿದೆ.

ಜನವರಿ 26

ಎರಡು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ಅತ್ತೆ ಗಂಜಿ ಕುಡಿಸಲು ನೋಡಿದರು, ತುಟಿಯಿಂದ ಇಳಿದು ಕುತ್ತಿಗೆಗೆ ಬಂತು. ಡಾಕ್ಟರು ಗುಳಿಗೆ ಬದಲಾಯಿಸಿ, ಒಬ್ಬರನ್ನೇ ಬಿಡಬೇಡಿ ಎಂದರು. ನಾನು ಬಿಟ್ಟು ಹೋಗುತ್ತಿರುವುದು ಕಬ್ಬಿಣ ಹುಡುಕಲು. ಹೋಗದೆ ಇಲ್ಲೇ ಕೂತರೆ ಇವರು ಗೋಡೆ ನೋಡುತ್ತಾರೆ, ನಾನು ಇವರ ಬೆನ್ನು ನೋಡುತ್ತೇನೆ.

ಟ್ರೇಲರಿಗೆ ಬೇಕಾದಂತೆ ಹೌಸಿಂಗ್ ಕತ್ತರಿಸಿ ಬೆಸೆದರೆ ಮತ್ತೆ ಅದು ಯಾವ ಗಾಡಿಗೂ ಆಗುವುದಿಲ್ಲ. ಬಹುಶಃ ಕೆಂಪಣ್ಣ ಈಗಾಗಲೇ ಕತ್ತರಿಸಿರುತ್ತಾನೆ.

ಜನವರಿ 27

ಕತ್ತರಿಸಿರಲಿಲ್ಲ.

ಹೊಳೆನರಸೀಪುರದ ಕೆಂಪಣ್ಣ ಟ್ರ್ಯಾಕ್ಟರುಗಳಿಗೆ ಟ್ರೇಲರ್ ಮಾಡುವವನು. ಹೌಸಿಂಗ್ ಅವನ ಅಂಗಳದಲ್ಲಿತ್ತು, ಮೂತಿಯಲ್ಲಿ ನನ್ನ ಕೆಂಪು ದಾರ ಇನ್ನೂ ಇತ್ತು. "ನಾಳಿದ್ದು ಅಮಾಸೆ. ಅಮಾಸೆ ಮುಂದಿಟ್ಕಂಡು ನಾ ಗ್ಯಾಸ್ ಅಚ್ಚಾಕಿಲ್ಲ. ಗುರುವಾರ ಕತ್ತರಿಸ್ತೀನಿ."

ನನಗೆ ಕೊಡಿ ಎಂದೆ. ಗಿರಾಕಿಗೆ ಮಾತು ಕೊಟ್ಟಿದ್ದೇನೆ ಎಂದ. ಇವರ ಕಾಲಿನ ವಿಷಯ ಹೇಳಿದೆ. ಪಾಪ ಎಂದ, ಹೌಸಿಂಗ್ ಕೊಡುವುದಿಲ್ಲ ಎಂದ. ಅವನ ಅಂಗಳದ ತುದಿಯಲ್ಲಿ ಮುಗಿದ ಟ್ರೇಲರ್ ಒಂದು ನಿಂತಿತ್ತು. ಬಗ್ಗಿ ಅದರ ಕೆಳಗೆ ನೋಡಿದೆ. ಹೌಸಿಂಗ್‌ನ ಹೊಟ್ಟೆ ಖಾಲಿ, ಮೇಲೆ ತಗಡು ಮುಚ್ಚಿ ಬೆಸೆದಿದ್ದರು.

"ಟ್ರೇಲರಿಗೆ ಕ್ರೌನ್ ಬೇಡವಾ?"

"ಎಳೆಯೋದು ಟ್ರ್ಯಾಕ್ಟರ್ರು. ಇದಕ್ಯಾಕವ್ವಾ ಕ್ರೌನು? ಬಿಚ್ಚಿ ತೂಕಕ್ಕಾಕ್ತೀನಿ."

"ಅಂಗಾದ್ರೆ ಹಲ್ಲಿಲ್ಲದ ಹೌಸಿಂಗ್ ತಂದುಕೊಟ್ಟರೆ ಇದನ್ನ ಬಿಡ್ತೀರಾ? ಅಳತೆ ಇದೇ. ದಾರಕ್ಕೆ ನೇರವಾಗಿದೆ. ಬೇರಿಂಗ್ ಸಡಿಲಾಗಿಲ್ಲ. ಸ್ಪ್ರಿಂಗ್ ಪಟ್ಟಿ ಕೂರೋ ಜಾಗದಲ್ಲಿ ಕಾಲಿಂಚೂ ವ್ಯತ್ಯಾಸ ಇಲ್ಲ."

ಕೆಂಪಣ್ಣ ಬೀಡಿ ಬಾಯಿಂದ ತೆಗೆದ. "ಯಾವ ಗ್ಯಾರೇಜಲ್ಲಿದ್ದೀಯವ್ವಾ ನೀನು?"

"ರವಿಕೆ ಹೊಲೀತೀನಿ."

"ಗುರುವಾರ ಬೆಳಿಗ್ಗೆ ಗಂಟ ನೋಡ್ತೀನಿ. ಆಮ್ಯಾಕೆ ನನ್ನ ಬಯ್ಯಬ್ಯಾಡ."

ಜನವರಿ 28

ರೇವಮ್ಮನ ಹೌಸಿಂಗ್ ಬಾಡಿಗೆ ಟೆಂಪೋಗೆ ಏರಿಸಿದೆ. "ಹಲ್ಲಿಲ್ಲದ್ದಕ್ಕೂ ಗಂಡು ಸಿಕ್ತಾ ಕಣೆ!" ಎಂದು ರೇವಮ್ಮ ಜೋರಾಗಿ ನಕ್ಕು, ಚೀಲಕ್ಕೆ ಅವರೆಕಾಳು ಸುರಿದರು. ಹೊಳೆನರಸೀಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೆಂಪಣ್ಣ ತಾನೇ ಅಳೆದು ನೋಡಿ, ಆಯಿತು ಎಂದ.

ಒಯ್ಯುವ ಮೊದಲು ಪರೀಕ್ಷೆ ಮಾಡಬೇಕೆಂದೆ. ಎರಡು ತುದಿಗೂ ಮರ ಕೊಟ್ಟು ಎತ್ತಿದೆವು. ಆ ಕಡೆ ಕೆಂಪಣ್ಣ, ಈ ಕಡೆ ನಾನು, ಒಟ್ಟಿಗೇ ಒಂದು ಸುತ್ತು. ಕೆಂಪು ದಾರ ನಾಲ್ಕು ಸಲ ಮೇಲೆ ಬಂತು, ಮತ್ತೆ ಸ್ವಲ್ಪ ಮುಂದಕ್ಕೆ ಹೋಗಿ ನಿಂತಿತು. ಕಣ್ಣಲ್ಲಿ ನೀರು ಬಂತು. ಕೈಯೆಲ್ಲ ಗ್ರೀಸಾಗಿತ್ತು, ಒರೆಸಿಕೊಳ್ಳಲಿಲ್ಲ.

ಟೆಂಪೋದಲ್ಲಿ ಹೌಸಿಂಗ್ ಪಕ್ಕದಲ್ಲೇ ಕೂತು ಹಾಸನಕ್ಕೆ ಬಂದೆ.

ಫೆಬ್ರವರಿ 8

ಮಿನಿ ಲಾರಿಯ ಹೌಸಿಂಗ್ ನಮ್ಮ ಗಾಡಿಗೆ ಕೂರಲು, ಸ್ಪ್ರಿಂಗ್ ಪಟ್ಟಿಯ ಕೆಳಗಿನ ಕಬ್ಬಿಣದ ಗಟ್ಟಿಗಳನ್ನು ಕಿತ್ತು ಒಂದೊಂದು ಬೆರಳು ಒಳಗೆ ಸರಿಸಿ ಬೆಸೆಯಬೇಕಾಯಿತು. ನಾಗೇಶ ಮೊದಲು ನಾಲ್ಕು ಚುಕ್ಕೆ ಮಾತ್ರ ಬೆಸೆದ. ನಾನು ದಾರ ಹಿಡಿದೆ. ಎಡಗಡೆ ಕೂದಲೆಳೆ ಹಿಂದಿತ್ತು. ಅವನು ಇಲ್ಲ ಎಂದ. ಮತ್ತೆ ಹಿಡಿದೆ. ಒಪ್ಪಿಕೊಂಡು ಬಡಿದು ಸರಿಸಿದ. ಬ್ರೇಕಿನ ಪೈಪು ಹೊಸದು. ಸೋಮವಾರ ಮೂತಿಗೆ ಸೇರುವ ಶಾಫ್ಟನ್ನು ಗಿಡ್ಡ ಮಾಡಿಸಿ ತರುತ್ತಾನೆ. ಶಾಫ್ಟಿನ ತೂಕ ಎರಡೂ ಕಡೆ ಸಮ ಇಲ್ಲದಿದ್ದರೆ ಗಾಡಿ ನಡುಗುತ್ತದಂತೆ. ಅದನ್ನು ಹೇಗೆ ನೋಡುತ್ತಾರೋ ನಾನೂ ನೋಡಬೇಕು.

ವಿಮೆಯ ಕಾಗದ ಹುಡುಕುವಾಗ ನನ್ನ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು, ನಾಲ್ಕು ಚಕ್ರದ ಗಾಡಿಗೂ ಸೇರಿ. ಮದುವೆಯಾದ ಹೊಸತರಲ್ಲಿ ಇವರೇ ಮಾಡಿಸಿದ್ದು. ಆಮೇಲೆ ಸ್ಕೂಟರ್ ಬಿಟ್ಟು ಬೇರೇನೂ ಮುಟ್ಟಿಲ್ಲ.

ಸಂಜೆ ಅತ್ತೆ, "ಗಂಡನಿಗಿಂತ ಕಬ್ಣದ ಮ್ಯಾಲೇ ಗ್ಯಾನ ಜಾಸ್ತಿ ಆಯ್ತು ನಿಂಗೆ. ಅವನು ಇವತ್ತು ಎರಡು ಇಡ್ಲಿ ತಿಂದ. ಕೇಳ್ದ್ಯಾ ನೀನು?" ಎಂದರು.

ಕೇಳಿರಲಿಲ್ಲ. ಇಲ್ಲಿ ಬರೆದಿದ್ದೇನೆ: ಎರಡು ಇಡ್ಲಿ.

ಫೆಬ್ರವರಿ 15

ಶೆಡ್ಡಿನ ಹಿಂದಿನ ಬಯಲಿನಲ್ಲಿ ನಾಲ್ಕು ದಿನದಿಂದ ಓಡಿಸಿ ನೋಡುತ್ತಿದ್ದೆ. "ಕ್ಲಚ್ಚು ಮೆತ್ತಗೆ ಬಿಡಿ ಅಕ್ಕಾ, ಎಮ್ಮೆಗೆ ಒದ್ದಂಗೆ ಒದೀಬ್ಯಾಡಿ," ಎನ್ನುತ್ತಿದ್ದ ನಾಗೇಶ. ಇವತ್ತು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸನದಿಂದ ಮೊಸಳೆಗೆ ನಾನೇ ತಂದೆ. ಎಲ್ಲೂ ನಿಲ್ಲಲಿಲ್ಲ. ದೇವಸ್ಥಾನದ ತಿರುವಿನಲ್ಲಿ ಹಾರನ್ ಮಾಡಿದೆ, ಇವರು ಯಾವಾಗಲೂ ಮಾಡುತ್ತಿದ್ದಂತೆ.

ಇವರು ಊರುಗೋಲು ಹಿಡಿದು ಬಾಗಿಲಿಗೆ ಬಂದರು. ಇದಕ್ಕಾಗಿಯೇ ಇಷ್ಟೆಲ್ಲ ಎಂದುಕೊಂಡೆ.

ಗಾಡಿ ನೋಡಿದರು. ಮುಖದ ಮೇಲೆ ಬೆವರೊಡೆಯಿತು. ಹೊಸ್ತಿಲ ಮೇಲೆ ಕುಸಿದು ಕೂತರು. ಬಾಯಿಂದ ಬಂದದ್ದು ಇಷ್ಟೇ: "ಯಾಕ್ ತಂದೆ ಇದನ್ನ?"

ಫೆಬ್ರವರಿ 16

ಇಡೀ ದಿನ ಮುಸುಕು ಹೊದ್ದು ಮಲಗಿದ್ದಾರೆ. ಬರೆಯಲು ಏನೂ ಇಲ್ಲ.

ಫೆಬ್ರವರಿ 19

ಬಟ್ಟೆ ಒಣಹಾಕುತ್ತಿದ್ದೆ. ಊರುಗೋಲಿನ ಸದ್ದು ಕೇಳಿತು. ಇವರು ತಾವಾಗಿಯೇ ಅಂಗಳಕ್ಕೆ ಬಂದು, ಗಾಡಿಯಿಂದ ದೂರ ಕಲ್ಲಿನ ಮೇಲೆ ಕೂತರು. ಅಲ್ಲಿಂದಲೇ ಹೇಳಿದರು.

"ಆಸ್ಪತ್ರೇಲಿ ದಿನಾ ಕೇಳ್ತಿದ್ನಲ್ಲ, ಗಾಡಿ ಎಲ್ಲಿ ನಿಂತದೆ ಅಂತ. ಮನೆ ಹತ್ರ ತಂದ್ಬುಟ್ರಾ ಅನ್ನೋ ಭಯಕ್ಕೆ ಕೇಳ್ತಿದ್ದೆ ಕಣೆ. ಕಣ್ಣು ಮುಚ್ಚಿದ್ರೆ ಆ ಚಕ್ರ ನನ್ನ ಮುಂದೆ ಉರುಳ್ಕಂಡು ಓಯ್ತದೆ. ನಾನು ಹಿಂದೆ, ಅದು ಮುಂದೆ."

ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ. ಇವರು ಯಾವುದಕ್ಕೆ ಹೆದರಿ ಬಾವಿಕಟ್ಟೆಗೆ ಹೋದರೋ ಅದನ್ನೇ ಹುಡುಕಿ, ಹೊತ್ತು, ಬೆಸೆದು ಬಾಗಿಲಿಗೆ ತಂದು ನಿಲ್ಲಿಸಿದ್ದೇನೆ. ಇದರ ಬಗ್ಗೆ ಹೆಚ್ಚು ಬರೆಯಲಾರೆ.

ನಾನು ಹೇಳಿದ್ದು ಇಷ್ಟು: "ಈ ಚಕ್ರ ಹೋಗಲ್ಲ. ಎಕ್ಸೆಲ್ ತುಂಡಾದರೂ ಹೋಗಲ್ಲ." ಹಿಂದಿನ ಚಕ್ರದ ನಡುವೆ ಉಬ್ಬಿರುವ ಬೋಲ್ಟುಗಳನ್ನು ಮುಟ್ಟಿ ತೋರಿಸಿದೆ. ಭಾರ ಎಲ್ಲಿ ಕೂರುತ್ತದೆ, ಏನು ತಿರುಗುತ್ತದೆ ಎಂದು ಬಟ್ಟೆಯ ಕ್ಲಿಪ್ಪಿನಿಂದ ಮಣ್ಣಿನ ಮೇಲೆ ಬರೆದೆ. ಮಣ್ಣಲ್ಲಿ ಹೂತ ಚಕ್ರದ ಕಥೆಯನ್ನೂ ಹೇಳಿದೆ.

"ಒಂದು ಕಡೆ ಮಾತ್ರ ತಿರುಗಿಸಿದ್ಯಾ?" ಎಂದರು. ಮೂಗಿನಿಂದ ಗಾಳಿ ಬಂತು. ಮೊದಲಾದರೆ ಅದನ್ನು ನಗು ಎನ್ನುತ್ತಿದ್ದೆ. "ನಾನು ಇನ್ನ ಅದನ್ನ ಮುಟ್ಟಾಕಿಲ್ಲ ರಂಜನಿ. ಮಾರ್ಬುಡು."

"ನನ್ನ ಗಾಡಿ ಮಾರೋದಿಲ್ಲ," ಎಂದೆ.

ಇವರು ನನ್ನ ಸೆರಗಿನ ತುದಿ ನೋಡಿದರು. "ಬೀಗಾನೂ ತೆಗ್ಯಾಕಿಲ್ವಾ?"

ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಬೀಗ ಇರೋವರ್ಗೂ ನಾ ಉಳಿದಿದ್ರೆ ಅದು ನೀನು ಉಳಿಸಿದ್ದು ಕಣೆ. ನಾನಾಗಿ ಉಳ್ಕಂಡಂಗಲ್ಲ."

"ತೆಗೆದರೆ ಉಳೀತೀರಾ?"

"ಗೊತ್ತಿಲ್ಲ," ಎಂದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಫೆಬ್ರವರಿ 22

ಶುಂಠಿ ವ್ಯಾಪಾರದ ಮೋಹನ್‌ಕುಮಾರ್ ಫೋನ್ ಮಾಡಿದ್ದರು. ಇವರು ಅವರಿಗೇ ಲೋಡು ಹೊಡೆಯುತ್ತಿದ್ದದ್ದು. ಅರಕಲಗೂಡಿನಲ್ಲಿ ನಾಳೆ ಬೆಳಿಗ್ಗೆ ಮಾಲಿದೆ, ಗಾಡಿ ರೆಡಿಯಾಯಿತಂತೆ, ಡ್ರೈವರ್ ಯಾರು ಎಂದು ಕೇಳಿದರು. ನಾನು ಎಂದೆ. "ಬಸವೇಶ ಒಪ್ಪವ್ನಾ?" ಎಂದು ಇವರ ಹೆಸರು ಹಿಡಿದು ಕೇಳಿದರು. ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ.

ಹೋಗುವುದೂ ಬರುವುದೂ ಅದೇ ರಸ್ತೆ. ಗಾಡಿ ಮಗುಚಿದ ತಿರುವೂ ಬರುತ್ತದೆ. ಲೋಡು ಕಡಿಮೆ ಹಾಕಿಸುತ್ತೇನೆ. ಟೈರಿನ ಗಾಳಿ ನೋಡಿದ್ದೇನೆ, ಹೌಸಿಂಗ್ ಎಣ್ಣೆ ನೋಡಿದ್ದೇನೆ, ಬೋಲ್ಟುಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿದ್ದೇನೆ. ಟೂಲ್ ಚೀಲವನ್ನು ಅಕ್ಕಿ ಡಬ್ಬದಿಂದ ತೆಗೆದು ಸೀಟಿನ ಹಿಂದೆ ಇಟ್ಟೆ. ಇವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. "ಎಡಗಡೆ ಕನ್ನಡಿ ಕೆಳಕ್ಕದೆ," ಎಂದರು. ಸರಿ ಮಾಡಿದೆ.

ಬೀಗ ಹಾಕಿ ಹೋದರೆ ನಾನು ವಾಪಸು ಬರುವಾಗ ಇವರು ಇರುತ್ತಾರೆ. ಹಾಕದೆ ಹೋದರೆ ಗೊತ್ತಿಲ್ಲ. ಅತ್ತೆಗೆ ನಿಜ ಹೇಳಿದೆ. ಅವರು ಅಳಲಿಲ್ಲ. "ಬೆಕ್ಕು ಅಂತ ಏಳ್ದಾಗ್ಲೇ ಗೊತ್ತಾಯ್ತು ಕಣೆ. ನಮ್ಮೂರಲ್ಲಿ ಯಾವ ಬೆಕ್ಕು ಬಾಗ್ಲು ಮುಚ್ಚಿದ್ರೆ ಸುಮ್ನಿರ್ತದೆ?" ಎಂದು ಹೇಳಿ, ತಮ್ಮ ಚಾಪೆಯನ್ನು ಹಿತ್ತಿಲ ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು. ಚಾಪೆ ಅಲ್ಲಿಂದ ತೆಗೆಯಿರಿ ಎಂದು ಇವರೇ ಹೇಳಿದರು. ಅತ್ತೆ ತುಂಬ ಹೊತ್ತು ಮಗನ ಮುಖ ನೋಡಿ ತೆಗೆದರು.

ನಾಳೆ ಐದಕ್ಕೆ ಹೊರಡುತ್ತೇನೆ. ಕೀಲಿಯನ್ನು ಇವರ ನೀರಿನ ಚೊಂಬಿನ ಪಕ್ಕದಲ್ಲಿಟ್ಟು ಹೋಗುತ್ತೇನೆ. ಹಿಂತಿರುಗಿ ನೋಡುವುದಿಲ್ಲ, ಫೋನ್ ಮಾಡುವುದಿಲ್ಲ. ವಾಪಸು ಬರುವಾಗ ದೇವಸ್ಥಾನದ ತಿರುವಿನಲ್ಲಿ ಹಾರನ್ ಮಾಡುತ್ತೇನೆ.

ಕೀಲಿ ಇನ್ನೂ ಸೆರಗಿನಲ್ಲಿದೆ. ಗಂಟು ಬಿಗಿಯಾಗಿದೆ. ಬೆಳಿಗ್ಗೆ ಬಿಚ್ಚುತ್ತೇನೆ.